ಚಾರ್ಜರ್ ಹಾಕಿದರೆ ಗುಂಯ್, ತೆಗೆದರೆ ಪಟಪಟ: ಕೊಡಗಿನ ಒಂದು ಚರ್ಚಿನ ಲ್ಯಾಪ್‌ಟಾಪ್ ಸಂಗೀತ

ಜುಲೈ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಎಂಟು ಗಂಟೆಯ ಪೂಜೆ. ಹೊರಗೆ ಮಳೆ. ಒಳಗೆ, ಹಿಂಭಾಗದ ಅಟ್ಟದ ಮೇಲೆ, ಕೀಬೋರ್ಡ್ ನುಡಿಸುವ ನಾನು, ಅದಕ್ಕೆ ದನಿ ಕೊಡುವ ಒಂದು ಲ್ಯಾಪ್‌ಟಾಪ್ ಮತ್ತು ಹನ್ನೊಂದು ಮಂದಿಯ ಗಾಯನ ತಂಡ. ಪ್ರವೇಶ ಗೀತೆ ಚೆನ್ನಾಗಿಯೇ ಹೋಯಿತು. ಹಿನ್ನೆಲೆಯಲ್ಲಿ ಸಣ್ಣಗೆ ಗುಂಯ್ ಅನ್ನುವ ಸದ್ದು ಇತ್ತು, ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮಹಿಮಾ ಗೀತೆಯ ಎರಡನೇ ಸಾಲಿಗೆ ಕರೆಂಟು ಹೋಯಿತು. ಮೈಕು ನಿಲ್ಲಲಿಲ್ಲ, ಅದು ಇನ್ವರ್ಟರಿನಲ್ಲಿತ್ತು. ಲ್ಯಾಪ್‌ಟಾಪೂ ನಿಲ್ಲಲಿಲ್ಲ, ಅದಕ್ಕೆ ಬ್ಯಾಟರಿ ಇತ್ತು. ಆದರೆ ಪಿಯಾನೊ ದನಿ ಮಾತ್ರ ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಪಟಪಟ ಸಿಡಿಯಲು ಶುರುವಾಯಿತು. ತಂಡದಲ್ಲಿ ಹಾಡುವ ಟೀಚರ್ ಹಾಡುತ್ತಲೇ ತಿರುಗಿ ನೋಡಿದರು. ನಾನು ಕೈ ತೆಗೆದೆ. ಉಳಿದ ಪೂಜೆಯನ್ನು ತಂಡ ಬರೀ ಬಾಯಲ್ಲಿ ಹಾಡಿ ಮುಗಿಸಿತು.

ಆ ಭಾನುವಾರದಿಂದ ಮುಂದಿನ ಈಸ್ಟರ್‌ವರೆಗೆ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ತಪ್ಪು ಸಾಫ್ಟ್‌ವೇರಿನದು ಅಂತ ನಾವೆಲ್ಲ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆವು. ಹುಡುಕುತ್ತಾ ಹೋದರೆ ಸಾಫ್ಟ್‌ವೇರಿನ ಪಾಲು ತೀರಾ ಕಮ್ಮಿ. ಸ್ವಿಚ್‌ಬೋರ್ಡಿನದು ಸ್ವಲ್ಪ, ಅಟ್ಟದ್ದು ಸ್ವಲ್ಪ, ನನ್ನದು ಜಾಸ್ತಿ.

ಹಳೆಯ ಕೀಬೋರ್ಡ್ ಸತ್ತ ಬಗೆ

ನಮ್ಮ ಚರ್ಚು ಸಿದ್ದಾಪುರಕ್ಕೂ ಅಮ್ಮತ್ತಿಗೂ ನಡುವಿನ ಕಾಫಿ ತೋಟಗಳ ಮಧ್ಯೆ ಇದೆ. ಹೆಸರು ಬೇಡ. ಸುತ್ತ ರೋಬಸ್ಟಾ ಗಿಡ, ನೆರಳಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಹೆಂಚಿನ ಮಾಡು. ಜನ ಹೆಚ್ಚಾದ ಮೇಲೆ ಪಕ್ಕಕ್ಕೆ ಇಳಿಸಿದ ಭಾಗಕ್ಕೆ ತಗಡು ಹಾಕಿದ್ದಾರೆ. ಈ ತಗಡಿನ ಮಾತು ಮುಂದೆ ಬರುತ್ತದೆ. ಕೊಡಗಿನಲ್ಲಿ ಕಥೋಲಿಕರ ಬೇರು ಹಳೆಯದು. ಅರಸ ದೊಡ್ಡ ವೀರರಾಜೇಂದ್ರ 1792ರಲ್ಲಿ ವಿರಾಜಪೇಟೆ ಕಟ್ಟಿಸಿದಾಗ ಕ್ರೈಸ್ತರಿಗೂ ಜಾಗ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯದ ಕಥೆ ಅಲ್ಲಿಂದಲೇ ಶುರು. ನಮ್ಮದು ಅಷ್ಟು ಹಳೆಯದಲ್ಲ, ತೋಟದ ಕೆಲಸಕ್ಕೆ ಬಂದವರು ಕಟ್ಟಿಕೊಂಡದ್ದು. ಹಾಗಾಗಿ ಒಂದೇ ಪೂಜೆಯಲ್ಲಿ ಕನ್ನಡ ಹಾಡಿನ ಜೊತೆ ಒಂದು ಕೊಂಕಣಿ, ಹಬ್ಬ ಬಂದರೆ ಒಂದು ಮಲಯಾಳಂ ಇರುವುದು ಮಾಮೂಲು.

ಅಟ್ಟದ ಮೇಲೆ ಹಲವು ವರ್ಷ ದುಡಿದ ಒಂದು ಅರೇಂಜರ್ ಕೀಬೋರ್ಡ್ ಇತ್ತು. ತಾಳ, ಬೇಸ್, ತಂತಿ ವಾದ್ಯ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಅದನ್ನು ಕೊಂದದ್ದು ಮಳೆಗಾಲದ ತೇವ. ಒಂದೊಂದು ಕೀ ಕೆಳಗೂ ರಬ್ಬರಿನಲ್ಲಿ ಎರಡು ಕಾರ್ಬನ್ ಬೊಟ್ಟುಗಳಿರುತ್ತವೆ. ಮೊದಲನೆಯದು ತಾಗಿದ ಮೇಲೆ ಎರಡನೆಯದು ತಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು, ಬೆರಳು ಮೆಲ್ಲಗೆ ಬಿತ್ತೋ ಜೋರಾಗಿ ಬಿತ್ತೋ ಎಂದು ಕೀಬೋರ್ಡ್ ತಿಳಿದುಕೊಳ್ಳುತ್ತದೆ. ಅಲ್ಲಿ ಬೂಷ್ಟು ಕೂತರೆ ಲೆಕ್ಕ ತಪ್ಪುತ್ತದೆ. ಮೆಲ್ಲಗೆ ಒತ್ತಿದರೂ ಕಿರುಚುತ್ತದೆ, ಇಲ್ಲವೇ ಬಾಯೇ ಬಿಡುವುದಿಲ್ಲ. ಎರಡು ಸಲ ಬಿಚ್ಚಿ ಸ್ಪಿರಿಟ್ ಹಾಕಿ ಒರೆಸಿದೆವು. ಒಂದು ಸಲ ಒಳಗೆ ಇರುವೆ ಮೊಟ್ಟೆಯಿಟ್ಟಿತ್ತು. ಮೂರನೇ ಮಳೆಗಾಲಕ್ಕೆ ಬೋರ್ಡೇ ಹೋಯಿತು.

ಹೊಸದಕ್ಕೆ ದುಡ್ಡಿಲ್ಲ. ತಂಡದಲ್ಲಿ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಇದ್ದಾನೆ. ರಜೆಗೆ ಬಂದವನು, "ನನ್ನ ಹಳೆ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿದೆ ಅಣ್ಣ, ಒಂದು ಮಿಡಿ ಕೀಬೋರ್ಡ್ ತಂದರೆ ಸಾಕು" ಅಂದ. ಮಿಡಿ ಕೀಬೋರ್ಡಿಗೆ ತನ್ನದೇ ದನಿ ಇಲ್ಲ, ದನಿ ಲ್ಯಾಪ್‌ಟಾಪಿನದು. ಅದರ ಕೆಳಗೂ ಅದೇ ರಬ್ಬರು, ಅದೇ ಬೊಟ್ಟು. ಆದರೆ ಅದು ಕೆಟ್ಟರೆ ಕೀಗಳು ಮಾತ್ರ ಹೋಗುತ್ತವೆ, ದನಿಗಳು ಹೋಗುವುದಿಲ್ಲ. ಆ ಮಾತಿಗೇ ನಾನು ಒಪ್ಪಿದ್ದು.

ಅಂಕಲ್ ಒಪ್ಪಲಿಲ್ಲ

ಅಂಕಲ್ ಅಂದರೆ ನಮ್ಮ ಹಾರ್ಮೋನಿಯಂ ಅಂಕಲ್. ವಯಸ್ಸು ಎಪ್ಪತ್ತೈದು ದಾಟಿದೆ. ಹುಡುಗನಾಗಿದ್ದಾಗ ಲ್ಯಾಟಿನ್ ಪೂಜೆ ಕೇಳಿದವರು, ಆಮೇಲೆ ಕನ್ನಡ ಹಾಡುಗಳು ಬಂದಾಗ ಮೊದಲು ನುಡಿಸಿದವರಲ್ಲಿ ಒಬ್ಬರು. "ಎಂತದು ಮಾರಾಯ, ಆಫೀಸಿನ ಪೆಟ್ಟಿಗೆ ತಂದು ದೇವರ ಮುಂದೆ ಇಡ್ತೀರಾ?" ಅಂದರು.

ಟೀಚರ್ ಸುಮ್ಮನಿರುವವರಲ್ಲ. ಹಾರ್ಮೋನಿಯಂ ಯಾವ ಊರಿನದು ಅಂಕಲ್ ಎಂದು ಕೇಳಿದರು. ಅದು ಹುಟ್ಟಿದ್ದು 1840ರ ದಶಕದ ಪ್ಯಾರಿಸ್‌ನಲ್ಲಿ, ಕಾಲಲ್ಲಿ ತುಳಿಯುವ ವಾದ್ಯವಾಗಿ. ನೆಲದ ಮೇಲೆ ಕೂತು ಕೈಯಲ್ಲಿ ಗಾಳಿ ಹಾಕುವ ಹಾಗೆ ಅದನ್ನು ಪಳಗಿಸಿದ್ದು ಕಲ್ಕತ್ತೆಯಲ್ಲಿ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗೇ ಇಟ್ಟಿತ್ತು, ನಮ್ಮ ಸಂಗೀತಕ್ಕೆ ಇದು ಹೊಂದುವುದಿಲ್ಲ ಅಂತ. "ನಿಮ್ಮ ಪೆಟ್ಟಿಗೆಗೂ ಒಂದು ಕಾಲದಲ್ಲಿ ಬಾಗಿಲು ಹಾಕಿದ್ದರು" ಅಂದರು ಟೀಚರ್. ಅಂಕಲ್ ಉತ್ತರ ಕೊಡಲಿಲ್ಲ. ಒಪ್ಪಲೂ ಇಲ್ಲ.

ಫಾದರ್ ಕೇಳಿದ ಪ್ರಶ್ನೆ ಬೇರೆ. "ಬೆರಳು ಇಡದೆ ಇದು ಕೂಗ್ತದಾ?" ಇಲ್ಲ ಫಾದರ್, ಒತ್ತಿದರೆ ಮಾತ್ರ ಎಂದೆ. "ಹಾಗಾದ್ರೆ ಆಗಬಹುದು. ಟ್ರ್ಯಾಕ್ ಹಾಕಿ ಅದರ ಮೇಲೆ ಹಾಡುವುದು ಬೇಡ." ಇದು ಅವರೊಬ್ಬರ ಹಟವಲ್ಲ. 1958ರಲ್ಲೇ ವ್ಯಾಟಿಕನ್ನಿನ ಒಂದು ಸೂಚನೆ, ಗ್ರಾಮಫೋನ್, ಟೇಪ್ ರೆಕಾರ್ಡರ್, ತನ್ನಷ್ಟಕ್ಕೆ ನುಡಿಯುವ ಆರ್ಗನ್ ಇಂಥವನ್ನು ಪೂಜೆಯಲ್ಲಿ ಬಳಸಬಾರದು ಎಂದಿತ್ತು. ನನಗೂ ಟ್ರ್ಯಾಕ್ ಇಷ್ಟವಿಲ್ಲ, ಕಾರಣ ಮಾತ್ರ ಬೇರೆ. ಕಾಣಿಕೆಯ ಮೆರವಣಿಗೆ ಉದ್ದವಾದರೆ ಒಂದು ಚರಣ ಹೆಚ್ಚು ಹಾಡಬೇಕು. ಫಾದರ್ ಬೇಗ ಪೀಠಕ್ಕೆ ಬಂದರೆ ಅರ್ಧಕ್ಕೇ ಇಳಿಸಬೇಕು. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ.

ಪೆಟ್ಟಿಗೆಯೊಳಗೆ ಏನಿದೆ

ಗೊತ್ತಿಲ್ಲದವರಿಗೆ ಎರಡು ಮಾತು. ಮಿಡಿ ಕೀಬೋರ್ಡಿನಿಂದ ಲ್ಯಾಪ್‌ಟಾಪಿಗೆ ಹೋಗುವುದು ಸದ್ದಲ್ಲ, ಸುದ್ದಿ. ಇಂಥ ಕೀ ಒತ್ತಿದರು, ಇಷ್ಟು ಜೋರಾಗಿ, ಈಗ ಬಿಟ್ಟರು, ಪೆಡಲ್ ತುಳಿದರು, ಅಷ್ಟೇ. ಬೇರೆ ಬೇರೆ ಕಂಪನಿಯ ವಾದ್ಯಗಳು ಒಂದೇ ಭಾಷೆ ಆಡಲಿ ಎಂದು 1983ರಲ್ಲಿ ಬಂದ ಪದ್ಧತಿ ಇದು, ಇವತ್ತಿಗೂ ನಡೆಯುತ್ತಿದೆ. ಆ ಸುದ್ದಿಯನ್ನು ದನಿ ಮಾಡುವುದು ಲ್ಯಾಪ್‌ಟಾಪಿನ ಒಳಗಿರುವ ಸಾಫ್ಟ್‌ವೇರ್ ಸಿಂಥ್. ಕೆಲವು ಸಿಂಥ್‌ಗಳು ನಿಜವಾದ ವಾದ್ಯದ ಒಂದೊಂದು ಸ್ವರವನ್ನೂ ಧ್ವನಿಮುದ್ರಿಸಿ ಇಟ್ಟುಕೊಂಡಿರುತ್ತವೆ. ಕೆಲವು ಲೆಕ್ಕ ಹಾಕಿಯೇ ದನಿ ಹುಟ್ಟಿಸುತ್ತವೆ. ಇಂಥ ಹಲವು ಸಿಂಥ್‌ಗಳನ್ನು ಜೋಡಿಸಿ, ಯಾವ ಹಾಡಿಗೆ ಯಾವುದು ಎಂದು ನಡೆಸಲು ಇನ್ನೊಂದು ತಂತ್ರಾಂಶ ಬೇಕು. ಅದನ್ನು ಹೋಸ್ಟ್ ಅನ್ನುತ್ತಾರೆ. ಕಡೆಗೆ ಒಂದು ಆಡಿಯೊ ಇಂಟರ್‌ಫೇಸ್, ಅಂದರೆ ಲ್ಯಾಪ್‌ಟಾಪಿನ ದನಿಯನ್ನು ತಂತಿಗೆ ಹೊರಡಿಸುವ ಡಬ್ಬಿ. ದನಿ ಅಲ್ಲಿಂದ, ಮೈಕು ವಾದ್ಯಗಳನ್ನೆಲ್ಲ ಸೇರಿಸಿ ಸ್ಪೀಕರಿಗೆ ಕೊಡುವ ಮಿಕ್ಸರಿಗೆ.

ಇವೆಲ್ಲ ದುಬಾರಿ ಆಗಲೇಬೇಕೆಂದಿಲ್ಲ. ಲೆಕ್ಕ ಹಾಕಿ ದನಿ ಹುಟ್ಟಿಸುವ ಸಿಂಥ್‌ಗಳಲ್ಲಿ ಸರ್ಜ್ ಎಕ್ಸ್‌ಟಿ ಉಚಿತ, ಡೆಕ್ಸೆಡ್ ಉಚಿತ, ಧ್ವನಿಮುದ್ರಿತ ವಾದ್ಯ ನುಡಿಸುವ ಸ್ಫೋರ್ಟ್ಸಾಂಡೊ ಉಚಿತ. ಸಾಲಮಾಂಡರ್ ಎಂಬ ಪಿಯಾನೊ ಸಂಗ್ರಹವೂ ಉಚಿತವೇ. ಯಮಾಹಾ ಸಿ5 ಗ್ರ್ಯಾಂಡ್ ಪಿಯಾನೊದ ಆಯ್ದ ಸ್ವರಗಳನ್ನು, ಒಂದೊಂದನ್ನೂ 16 ಮಟ್ಟದ ಒತ್ತಡದಲ್ಲಿ ಮುದ್ರಿಸಿರುವ ಸಂಗ್ರಹ ಅದು. ಒಳ್ಳೆಯ ಆವೃತ್ತಿ ಒಂದು ಜಿಬಿ ದಾಟುತ್ತದೆ. ಪೈಪ್ ಆರ್ಗನ್ನಿಗೆ ಗ್ರ್ಯಾಂಡ್‌ಆರ್ಗ್ ಅಂತ ಒಂದಿದೆ. ಅದನ್ನು ಮನೆಯಲ್ಲಿ ಕೇಳಿ ಹುಡುಗನೂ ನಾನೂ ರಾತ್ರಿ ಹನ್ನೊಂದರವರೆಗೆ ಕೂತಿದ್ದೆವು. ಆದರೆ ಅದು ಹೋಸ್ಟಿನೊಳಗೆ ಕೂರುವುದಿಲ್ಲ, ಬೇರೆಯಾಗಿಯೇ ಓಡುತ್ತದೆ. ನಮ್ಮ ಇಂಟರ್‌ಫೇಸಿನ ಡ್ರೈವರ್, ಅಂದರೆ ಅದನ್ನು ಲ್ಯಾಪ್‌ಟಾಪಿನ ಜೊತೆ ಮಾತಾಡಿಸುವ ತಂತ್ರಾಂಶ, ಒಂದು ಹೊತ್ತಿಗೆ ಒಬ್ಬರಿಗೇ ಬಾಗಿಲು ತೆಗೆಯುವಂಥದ್ದು. ಪೂಜೆಯ ನಡುವೆ ಒಂದನ್ನು ಮುಚ್ಚಿ ಇನ್ನೊಂದನ್ನು ತೆಗೆಯುವುದು ಆಗದ ಮಾತು. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆವು.

ಮೊದಲ ಭಾನುವಾರಕ್ಕೆ ನಾನು ಮೂವತ್ತೆರಡು ದನಿ ತುಂಬಿಕೊಂಡು ಹೋಗಿದ್ದೆ. ಕೊಳಲು, ಸಿತಾರ್, ನಾಲ್ಕು ಬಗೆಯ ಪಿಟೀಲು ಗುಂಪು, ಮೂರು ಗಂಟೆ. ಪ್ಲೇಟು ಸಿಕ್ಕಿತು ಅಂತ ಮದುವೆ ಊಟದಲ್ಲಿ ಎಲ್ಲವನ್ನೂ ಬಡಿಸಿಕೊಂಡ ಹಾಗೆ.

ಪಟಪಟದ ಜಾಡು

ಅಂದು ಸಂಜೆಯೇ ವಿಚಾರಣೆ ಶುರು. ಹುಡುಗನ ವಾದ: ದನಿ ಜಾಸ್ತಿ, ರ್‍ಯಾಮ್ ಕಮ್ಮಿ. ನನ್ನ ವಾದ: ಬಫರ್ ಸಣ್ಣದು.

ಬಫರ್ ಅಂದರೆ ಇಷ್ಟೇ. ಲ್ಯಾಪ್‌ಟಾಪ್ ದನಿಯನ್ನು ಹನಿಹನಿಯಾಗಿ ಕೊಡುವುದಿಲ್ಲ, ಚೆಂಬಿನಲ್ಲಿ ತುಂಬಿ ತುಂಬಿ ಕೊಡುತ್ತದೆ. ಚೆಂಬು ದೊಡ್ಡದಾದರೆ ನಿಧಾನವಾಗಿ ತುಂಬಬಹುದು, ಆದರೆ ಕೀ ಒತ್ತಿದ್ದಕ್ಕೂ ಸದ್ದು ಬರುವುದಕ್ಕೂ ನಡುವೆ ಹೊತ್ತಾಗುತ್ತದೆ. ಸಣ್ಣದಾದರೆ ಸದ್ದು ಬೇಗ, ಆದರೆ ಒಂದು ಕ್ಷಣ ತಡವಾದರೂ ಚೆಂಬು ಖಾಲಿ, ಪಟ್ ಎನ್ನುತ್ತದೆ. ಲ್ಯಾಪ್‌ಟಾಪಿಗೆ ಒಂದು ಸೆಕೆಂಡಿನ ದನಿ ಅಂದರೆ 48,000 ಚೂರು. ಆ ಲೆಕ್ಕದಲ್ಲಿ 128 ಚೂರು ಹಿಡಿಯುವ ಬಫರ್ ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3, 512 ಅಂದರೆ 10.7. ನಾವು ಇಟ್ಟದ್ದು 128. ಅದನ್ನು 256 ಮಾಡಿದೆವು. ದನಿಗಳನ್ನು ಮೂವತ್ತೆರಡರಿಂದ ಹತ್ತಕ್ಕೆ ಇಳಿಸಿದೆವು. ಮನೆಯಲ್ಲಿ ಎರಡು ಗಂಟೆ ನುಡಿಸಿದರೂ ಒಂದು ಪಟ್ ಇಲ್ಲ. ಗೆದ್ದೆವು ಅಂದುಕೊಂಡೆವು.

ಎರಡನೇ ಭಾನುವಾರ ಮತ್ತೆ ಅದೇ. ಈ ಸಲ ಕರೆಂಟು ಹೋಗಿರಲಿಲ್ಲ. ನಾನೇ ಚಾರ್ಜರ್ ತೆಗೆದಿದ್ದೆ, ಗುಂಯ್ ಸದ್ದು ತಡೆಯಲಾಗದೆ. ಗುಂಯ್ ನಿಂತಿತು, ಐದೇ ನಿಮಿಷಕ್ಕೆ ಪಟಪಟ ಬಂತು. ಚಾರ್ಜರ್ ಹಾಕಿದೆ, ಪಟಪಟ ಹೋಗಿ ಗುಂಯ್ ಬಂತು. ಪ್ರಭುಭೋಜನದ ಹಾಡಿನ ಹೊತ್ತಿಗೆ ಎರಡು ಕೆಡುಕಿನಲ್ಲಿ ಕಮ್ಮಿ ಯಾವುದು ಎಂದು ಆರಿಸುತ್ತಾ ಕೂತಿದ್ದೆ.

ಅಂದು ಇಳಿದು ಬರುವಾಗ ಅಂಕಲ್ ಹೇಳಿದ ಮಾತೇ ದಾರಿ ತೋರಿಸಿತು. "ಹೋದ ವಾರ ಕರೆಂಟು ಹೋದ ಕೂಡಲೇ ನಿನ್ನ ಪೆಟ್ಟಿಗೆಯ ಗೊಣಗಾಟ ನಿಂತಿತ್ತಲ್ಲ, ಗಮನಿಸಿದ್ದೆಯಾ?" ನಾನು ಗಮನಿಸಿರಲಿಲ್ಲ. ಹೌದಲ್ಲ! ಕರೆಂಟು ಹೋದಾಗಲೂ ಚಾರ್ಜರ್ ತೆಗೆದಾಗಲೂ ಆಗುವುದು ಒಂದೇ. ಗುಂಯ್ ಸಾಯುತ್ತದೆ, ಪಟಪಟ ಹುಟ್ಟುತ್ತದೆ. ಹಾಗಾದರೆ ಇವು ಎರಡು ಬೇರೆ ಬೇರೆ ರೋಗ, ಎರಡೂ ಚಾರ್ಜರಿನ ಸುತ್ತಲೇ ಇವೆ. ಮನೆಯಲ್ಲಿ ಪರೀಕ್ಷೆ ಮಾಡಿದಾಗ ಚಾರ್ಜರ್ ಹಾಕಿಯೇ ಇಟ್ಟಿದ್ದೆವು. ಅದಕ್ಕೇ ಏನೂ ಸಿಗಲಿಲ್ಲ.

ಪಟಪಟದ ಕಥೆ ಸುಲಭವಾಗಿಯೇ ಬಿಚ್ಚಿಕೊಂಡಿತು. ಚಾರ್ಜರ್ ತೆಗೆದ ತಕ್ಷಣ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಪ್ರೊಸೆಸರಿನ ವೇಗ ಇಳಿಸುತ್ತದೆ. ಪತ್ರ ಟೈಪ್ ಮಾಡುವವನಿಗೆ ಅದು ಒಳ್ಳೆಯದೇ. ನಮಗೆ ಚೆಂಬು ತುಂಬುವ ಕೈ ನಿಧಾನವಾಯಿತು ಅಂತ ಅರ್ಥ. ವಿಂಡೋಸಿನ ಪವರ್ ಆಪ್ಷನ್‌ನಲ್ಲಿ ಚಾರ್ಜರಿಗೆ ಒಂದು, ಬ್ಯಾಟರಿಗೆ ಒಂದು ಎಂದು ಬೇರೆ ಬೇರೆ ಲೆಕ್ಕ ಇರುತ್ತದೆ. ಬ್ಯಾಟರಿಯದ್ದನ್ನೂ ಪೂರ್ತಿ ವೇಗಕ್ಕೆ ಏರಿಸಿದೆವು. ಆಮೇಲೆ ಲೇಟೆನ್ಸಿಮಾನ್ ಎಂಬ ಉಚಿತ ಸಲಕರಣೆ ಓಡಿಸಿದೆವು. ಯಾವ ಡ್ರೈವರ್ ನಡುವೆ ಬಂದು ಪ್ರೊಸೆಸರನ್ನು ಹಿಡಿದುಕೊಳ್ಳುತ್ತದೆ ಎಂದು ಅದು ತೋರಿಸುತ್ತದೆ. ನಮ್ಮಲ್ಲಿ ಸಿಕ್ಕಿಬಿದ್ದದ್ದು ವೈಫೈ. ತೋಟದ ನಡುವಿನ ಚರ್ಚಿನಲ್ಲಿ ಸಿಗ್ನಲ್ಲೇ ಇಲ್ಲ, ಆದರೂ ಅದು ಪಾಪ ಹುಡುಕುತ್ತಲೇ ಇತ್ತು. ಪೂಜೆಗೆ ಕೂರುವ ಮುಂಚೆ ಏರೋಪ್ಲೇನ್ ಮೋಡ್. ತಿಂಗಳಿಗೊಮ್ಮೆ ಮನೆಯಲ್ಲಿ ನೆಟ್ ಕೊಟ್ಟು ಅಪ್‌ಡೇಟ್. ಅಲ್ಲಿಗೆ ಪಟಪಟ ನಿಂತಿತು.

ಗುಂಯ್ ಅಷ್ಟು ಸುಲಭವಲ್ಲ.

ಮೂರನೇ ಪಿನ್

ಲ್ಯಾಪ್‌ಟಾಪಿನ ಲೋಹದ ಅಂಚಿಗೆ ಕೈ ಸವರಿದರೆ ಜುಂ ಎನ್ನುತ್ತಿತ್ತು. ನಾನದನ್ನು ಚಳಿ ಅಂದುಕೊಂಡಿದ್ದೆ! ಅದಕ್ಕಿಂತ ದೊಡ್ಡ ಸುಳಿವು ಟೀಚರ್ ಕೊಟ್ಟರು. ಒಂದು ಕೈ ಲ್ಯಾಪ್‌ಟಾಪಿನ ಮೇಲಿಟ್ಟು ಹಾಡಿದರೆ ಮೈಕು ತುಟಿಗೆ ತಾಗಿದಾಗ ಚುರುಕ್ ಎನ್ನುತ್ತದೆ ಅಂದರು. ಅದನ್ನು ಕೇಳಿ ನಾನು ಅಟ್ಟದ ಪ್ಲಗ್ ಕಿತ್ತೆ, ಎಲೆಕ್ಟ್ರಿಷಿಯನ್ ಬರುವವರೆಗೆ ಯಾರೂ ಮುಟ್ಟಬೇಡಿ ಅಂದೆ. ಇಂಥದ್ದನ್ನು "ಸ್ವಲ್ಪ ಶಾಕ್ ಹೊಡೀತದೆ, ಪರವಾಗಿಲ್ಲ" ಅಂತ ಬಿಡುವುದು ನಮ್ಮಲ್ಲಿ ಜಾಸ್ತಿ. ಒದ್ದೆ ಕೊಡೆ, ಒದ್ದೆ ಚಪ್ಪಲಿ, ಒದ್ದೆ ನೆಲ ಇರುವ ಊರಿನಲ್ಲಿ ಹಾಗೆ ಬಿಡಬಾರದು.

ಎಲೆಕ್ಟ್ರಿಷಿಯನ್ ಅಣ್ಣ ಬಂದು ಅಟ್ಟದ ಸ್ವಿಚ್‌ಬೋರ್ಡ್ ಬಿಚ್ಚಿದರು. ಮೂರು ಪಿನ್ನಿನ ಸಾಕೆಟ್ ಇದೆ, ಅರ್ತ್ ತಂತಿ ಇಲ್ಲ. ಯಾವಾಗಲೋ ಎಕ್ಸ್‌ಟೆನ್ಶನ್ ಎಳೆದವರು ಎರಡೇ ತಂತಿ ಎಳೆದಿದ್ದರು. ಚಾರ್ಜರಿನ ಒಳಗಿನ ಫಿಲ್ಟರಿನಿಂದ ಸೋರುವ ಸಣ್ಣ ಕರೆಂಟು ಅರ್ತ್ ಸಿಕ್ಕಿದರೆ ಅಲ್ಲೇ ನೆಲಕ್ಕೆ ಹೋಗುತ್ತದೆ. ಸಿಗದಿದ್ದರೆ ಲ್ಯಾಪ್‌ಟಾಪಿನ ಮೈಯಲ್ಲೇ ನಿಂತು, ಆಡಿಯೊ ತಂತಿಯ ಹೊರಸುತ್ತಿನ ಲೋಹದ ಹೆಣಿಗೆ ಹಿಡಿದು ಮಿಕ್ಸರಿನ ಕಡೆಗೆ ದಾರಿ ಮಾಡಿಕೊಳ್ಳುತ್ತದೆ. ಆ ದಾರಿಯಲ್ಲಿ ನಮ್ಮ ಪಿಯಾನೊ ದನಿಯೂ ಇದೆ. ಅದೇ ಗುಂಯ್. ಚಾರ್ಜರ್ ತೆಗೆದರೆ ಸೋರಲು ಕರೆಂಟೇ ಇಲ್ಲ, ಹಾಗಾಗಿ ಸದ್ದೂ ಇಲ್ಲ.

ಅರ್ತ್ ಎಳೆದ ಮೇಲೆ ಕೈ ಜುಂ ಅನ್ನುವುದು ನಿಂತಿತು. ಗುಂಯ್ ಪೂರ್ತಿ ಹೋಗಲಿಲ್ಲ, ದನಿ ಬದಲಾಯಿಸಿತು. ಮೊದಲು ಜೀರುಂಡೆಯ ಹಾಗಿತ್ತು, ಈಗ ದೂರದಲ್ಲಿ ಪಂಪ್‌ಸೆಟ್ ಓಡಿದ ಹಾಗೆ. ಇದು ಅರ್ತ್ ಲೂಪ್. ಲ್ಯಾಪ್‌ಟಾಪ್ ಅಟ್ಟದ ಅರ್ತ್‌ನಲ್ಲಿ, ಮಿಕ್ಸರ್ ಪೀಠದ ಪಕ್ಕದ ಕೋಣೆಯ ಅರ್ತ್‌ನಲ್ಲಿ, ನಡುವೆ ಇಪ್ಪತ್ತೈದು ಮೀಟರ್ ಆಡಿಯೊ ತಂತಿ. ಎರಡೂ ಕಡೆ ನೆಲ ಸೇರಿದ್ದರಿಂದ ಒಂದು ದೊಡ್ಡ ಬಳೆ ಆಯಿತು, ಆ ಬಳೆಯಲ್ಲಿ 50 ಹರ್ಟ್ಸ್ ಕರೆಂಟು ಸುತ್ತುತ್ತದೆ. ಇಲ್ಲಿ ಕೆಲವರು ಮಾಡುವ ಉಪಾಯ, ಚಾರ್ಜರಿನ ಮೂರನೇ ಪಿನ್ ಮುರಿದು ಹಾಕುವುದು. ಸದ್ದು ನಿಲ್ಲಬಹುದು, ಶಾಕ್ ತಪ್ಪಿಸುವ ದಾರಿಯೂ ಅದರ ಜೊತೆಗೇ ಹೋಗುತ್ತದೆ. ನಾವು ಒಂದು ಡಿಐ ಬಾಕ್ಸ್ ತಂದೆವು. ಅಂಗೈಯಷ್ಟು ದೊಡ್ಡ ಡಬ್ಬಿ, ಒಳಗೊಂದು ಟ್ರಾನ್ಸ್‌ಫಾರ್ಮರ್. ದನಿ ಆ ಕಡೆಯಿಂದ ಈ ಕಡೆಗೆ ದಾಟುತ್ತದೆ, ತಂತಿಗೆ ತಂತಿ ತಾಗುವುದಿಲ್ಲ. ಪಕ್ಕದಲ್ಲಿ, ಆಡಿಯೊ ತಂತಿಯ ನೆಲದ ಕೊಂಡಿ ಮಾತ್ರ ಬಿಡಿಸುವ ಗ್ರೌಂಡ್ ಲಿಫ್ಟ್ ಎಂಬ ಪುಟ್ಟ ಸ್ವಿಚ್. ಅದನ್ನು ಆ ಕಡೆ ತಳ್ಳಿದ ಕ್ಷಣ ಚರ್ಚು ನಿಶ್ಶಬ್ದ. ಅಣ್ಣ ಮೇಲೆ ನೋಡಿ, "ಕರೆಂಟು ಹೋಯ್ತಾ?" ಅಂದರು.

ಮೊದಲ ವಾರ ಬದಲಿಸಿದ ಬಫರ್, ದನಿಗಳನ್ನು ಬಿಟ್ಟರೆ ಇಷ್ಟೂ ರಿಪೇರಿಯಲ್ಲಿ ಲ್ಯಾಪ್‌ಟಾಪಿನ ಒಳಗೆ ಬದಲಾಗಿದ್ದು ಎರಡೇ ಸೆಟ್ಟಿಂಗ್.

ಹಾಡು ಎಳೆಯುವುದು

ಆಗಸ್ಟಿನಲ್ಲಿ ಹೊಸ ದೂರು ಬಂತು. ಲ್ಯಾಪ್‌ಟಾಪ್ ಬಂದ ಮೇಲೆ ಹಾಡು ಎಳೆಯುತ್ತಿದೆ, ಶುರುವಿನಲ್ಲಿದ್ದ ನಡೆ ಕೊನೆಯ ಚರಣಕ್ಕೆ ಇರುವುದಿಲ್ಲ. ಎಲ್ಲರ ಬೆರಳೂ ಬಫರಿನ ಕಡೆಗೆ. ಹುಡುಗ ಫೋನಿನಲ್ಲೇ, "256 ಜಾಸ್ತಿ ಆಯ್ತು ಅಣ್ಣ, 128 ಮಾಡಿ" ಅಂದ.

ಈ ಸಲ ನಾನು ಕೂತು ಲೆಕ್ಕ ಹಾಕಿದೆ. ಬಫರು, ಡ್ರೈವರು, ಯುಎಸ್‌ಬಿ ಎಲ್ಲ ಸೇರಿದರೂ ನಮ್ಮಲ್ಲಿ ಹತ್ತು ಮಿಲಿಸೆಕೆಂಡಿನ ಆಸುಪಾಸು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ನಮ್ಮ ಸ್ಪೀಕರ್‌ಗಳು ಪೀಠದ ಎರಡು ಬದಿಯಲ್ಲಿವೆ, ಜನರ ಕಡೆ ಮುಖ ಮಾಡಿ. ಅಲ್ಲಿಂದ ಅಟ್ಟಕ್ಕೆ 22 ಮೀಟರ್. ಅಂದರೆ 64 ಮಿಲಿಸೆಕೆಂಡ್. ಲ್ಯಾಪ್‌ಟಾಪಿನ ತಡಕ್ಕಿಂತ ಆರು ಪಟ್ಟು! ನಾನು ಒತ್ತಿದ ಸ್ವರ ಮುಂದೆ ಹೋಗಿ, ಅಲ್ಲಿಂದ ಹಿಂದೆ ಬಂದು ತಂಡದ ಕಿವಿಗೆ ಬೀಳುತ್ತದೆ. ಅವರು ಅದಕ್ಕೆ ಸರಿಯಾಗಿ ಹಾಡುತ್ತಾರೆ. ಅವರು ತಡವಾದರು ಅಂತ ನಾನು ಕಾಯುತ್ತೇನೆ. ನಾನು ಕಾದೆ ಅಂತ ಅವರು ಇನ್ನೂ ಕಾಯುತ್ತಾರೆ. ನಾಲ್ಕು ಚರಣಕ್ಕೆ ಹಾಡು ಎತ್ತಿನ ಗಾಡಿಯಾಗದೆ ಇನ್ನೇನಾಗುತ್ತದೆ?

ಹಳೆಯ ಅರೇಂಜರ್ ಕೀಬೋರ್ಡಿಗೆ ತನ್ನದೇ ಸ್ಪೀಕರ್ ಇತ್ತು, ತಂಡಕ್ಕೆ ಅಲ್ಲೇ ಕೇಳುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಟ್ಟದಲ್ಲಿ ಒಂದು ಸಣ್ಣ ಸ್ಪೀಕರ್ ಇಟ್ಟು, ಲ್ಯಾಪ್‌ಟಾಪಿನ ದನಿಯನ್ನು ಮೆಲ್ಲಗೆ ತಂಡದ ಕಡೆ ತಿರುಗಿಸಿದೆವು. ಮೈಕಿಗೆ ಬೆನ್ನು ಮಾಡಿ ಇಡಬೇಕು, ಇಲ್ಲದಿದ್ದರೆ ಕೂಗುತ್ತದೆ. ಬಫರ್ 256ರಲ್ಲೇ ಇದೆ.

ನಿಲ್ಲದ ಸ್ವರ

ಇದನ್ನು ಬರೆಯಲು ಈಗಲೂ ಮುಜುಗರ. ಸೆಪ್ಟೆಂಬರಿನ ಒಂದು ಭಾನುವಾರ, ಪವಿತ್ರರು ಗೀತೆ ಮುಗಿಸಿ, ಮುಂದಿನ ದನಿಗೆ ಬದಲಾಯಿಸಿ ಕೈ ಕಟ್ಟಿ ಕೂತೆ. ಕೆಳಗೆ ಎಲ್ಲರೂ ಮಂಡಿಯೂರಿದರು. ಸ್ಪೀಕರಿನಲ್ಲಿ ಒಂದು ಪ್ಯಾಡ್ ಸ್ವರ, ಅಂದರೆ ಹಿನ್ನೆಲೆಗೆ ಹಾಕುವ ಮೆತ್ತನೆಯ ಉದ್ದ ದನಿ, ಹಾಗೇ ನಿಂತಿದೆ. ತೆಳುವಾಗಿ, ತಂಬೂರಿಯ ಹಾಗೆ. ಕೀ ಮೇಲೆ ಕೈ ಇಲ್ಲ, ಪೆಡಲ್ ಮೇಲೆ ಕಾಲಿಲ್ಲ. ಫಾದರ್ ರೊಟ್ಟಿಯನ್ನು ಎತ್ತಿ ಹಿಡಿದರು, ಹುಡುಗರು ಗಂಟೆ ಅಲ್ಲಾಡಿಸಿದರು, ಸ್ವರ ನಿಂತೇ ಇದೆ. ವಾಲ್ಯೂಮ್ ಗುಂಡಿ ಹುಡುಕಿ ಇಳಿಸುವ ಹೊತ್ತಿಗೆ ಪಾನಪಾತ್ರೆಯೂ ಎತ್ತಿ ಆಗಿತ್ತು.

ಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು, "ಇವತ್ತು ಭಾರೀ ಚಂದ ಇತ್ತು ಮಗ, ಸ್ವರ್ಗದಿಂದ ಬಂದ ಹಾಗೆ" ಅಂದರು. ಫಾದರ್ ಹಾಗೇನೂ ಅನ್ನಲಿಲ್ಲ.

ಕಾರಣ ಹೀಗೆ. ಹಾಡಿನ ಕೊನೆಯ ಸ್ವರದ ಮೇಲೆ ನಾನು ಪೆಡಲ್ ಒತ್ತಿ ಹಿಡಿದಿದ್ದೆ. ಅದನ್ನು ಬಿಡುವವರೆಗೆ ಸ್ವರ ಮೊಳಗುತ್ತಲೇ ಇರುತ್ತದೆ. ಒತ್ತಿಕೊಂಡೇ ಮುಂದಿನ ದನಿಗೆ ಬದಲಾಯಿಸಿದೆ. ಆಮೇಲೆ ಕಾಲು ತೆಗೆದಾಗ, "ಪೆಡಲ್ ಬಿಟ್ಟರು" ಎಂಬ ಸುದ್ದಿ ಹೊಸ ದನಿಗೆ ಹೋಯಿತು. ಹಳೆಯ ದನಿಗೆ ಯಾರೂ ಹೇಳಲಿಲ್ಲ, ಅದು ಪಾಪ ಕಾಯುತ್ತಲೇ ಇತ್ತು. ಜೋಡಣೆ ನಾನೇ ಮಾಡಿದ್ದು, ಆತುರದಲ್ಲಿ. ಬದಲಾಯಿಸುವಾಗ ಹಳೆಯ ದನಿಗೆ ಪೆಡಲ್ ಬಿಟ್ಟ ಸುದ್ದಿಯನ್ನೂ, ಎಲ್ಲ ಸ್ವರ ನಿಲ್ಲಿಸು ಎಂಬ ಸುದ್ದಿಯನ್ನೂ ಕಳಿಸುವ ಹಾಗೆ ಹೋಸ್ಟಿನಲ್ಲಿ ಬರೆದೆವು. ಮಿಡಿಯಲ್ಲಿ ಇದಕ್ಕೆಂದೇ 64 ಮತ್ತು 123 ಎಂಬ ಕಂಟ್ರೋಲ್ ಸಂಖ್ಯೆಗಳಿವೆ. ಅದರ ಮೇಲೆ, ಕೀಬೋರ್ಡಿನ ಎಡತುದಿಯ ಒಂದು ಒತ್ತುಗುಂಡಿಗೆ ಎಲ್ಲವನ್ನೂ ಒಮ್ಮೆಗೇ ಬಾಯಿ ಮುಚ್ಚಿಸುವ ಕೆಲಸ ಕೊಟ್ಟೆವು. ಟೀಚರ್ ಅದಕ್ಕೆ ಕೆಂಪು ಬಿಂದಿ ಅಂಟಿಸಿದ್ದಾರೆ.

ಅಂದಿನಿಂದ ಹೋಸ್ಟಿನ ಪಟ್ಟಿಯನ್ನೂ ತಿರುಗಿಸಿ ಬರೆದೆ. ಮೊದಲು ದನಿಗಳ ಹೆಸರಿನಲ್ಲಿತ್ತು: ಪಿಯಾನೊ ಒಂದು, ಪಿಯಾನೊ ಎರಡು, ಹೀಗೆ. ಈಗ ಪೂಜೆಯ ಕ್ರಮದಲ್ಲಿದೆ: ಪ್ರವೇಶ, ದಯೆ ತೋರಿ, ಮಹಿಮಾ, ಕೀರ್ತನೆ, ಅಲ್ಲೆಲೂಯ, ಕಾಣಿಕೆ, ಪವಿತ್ರರು, ಪ್ರಭುಭೋಜನ, ಕೊನೆ. ಪವಿತ್ರರು ಆದ ಮೇಲೆ "ಮೌನ" ಅಂತ ಒಂದು ಜಾಗವಿದೆ, ಅಲ್ಲಿ ಯಾವ ದನಿಯೂ ಇಲ್ಲ. ಕಾಲಿನ ಸ್ವಿಚ್ ಒತ್ತಿದರೆ ಮುಂದಿನದು. ಟೀಚರ್ ದನಿಗೆ ಬೇಕಾದ ಶ್ರುತಿಯೂ ಆಯಾ ಹಾಡಿನ ಜೊತೆಗೇ ಇದೆ. ಅಂಕಲ್ "ಕಪ್ಪು ಎರಡು" (ಹಾರ್ಮೋನಿಯಂನ ಎರಡನೇ ಕಪ್ಪು ಕೀಯ ಶ್ರುತಿ) ಅಂದರೆ ಹುಡುಕುವ ಕೆಲಸವಿಲ್ಲ.

ಮಳೆಯ ಮುಂದೆ ಮೂವತ್ತೆರಡು ದನಿ

ಶನಿವಾರ ರಾತ್ರಿ ಖಾಲಿ ಚರ್ಚಿನಲ್ಲಿ ಕೂತು ದನಿ ಹೊಂದಿಸುವುದು ನನಗೆ ಬಹಳ ಇಷ್ಟದ ಕೆಲಸ. ಅದು ಎಷ್ಟು ದಂಡ ಅಂತ ಭಾನುವಾರ ಗೊತ್ತಾಗುತ್ತದೆ. ಇನ್ನೂರು ಮಂದಿ ಒದ್ದೆ ಸ್ವೆಟರ್ ಹಾಕಿ ಕೂತರೆ ಮಾರ್ದನಿ ಅರ್ಧಕ್ಕೆ ಇಳಿಯುತ್ತದೆ. ಮೇಲೆ ತಗಡಿಗೆ ಮಳೆ ಬಿದ್ದರೆ ಮೆತ್ತನೆಯ ಪ್ಯಾಡ್, ಪಿಟೀಲು ಗುಂಪು ಎಲ್ಲ ಅದರಲ್ಲಿ ಕರಗಿಹೋಗುತ್ತವೆ. ಮಳೆಯ ಸದ್ದೂ ಪ್ಯಾಡಿನ ಹಾಗೆಯೇ, ಒಂದೇ ಸಮನೆ, ಎಲ್ಲ ಶ್ರುತಿಯಲ್ಲೂ. ದನಿ ಏರಿಸಿದರೆ ಗಲಾಟೆ ಏರುತ್ತದೆ, ಹಾಡು ಏರುವುದಿಲ್ಲ. ಮಳೆಯನ್ನು ಸೀಳಿಕೊಂಡು ಬರುವುದು ಮೊನಚು ತುದಿಯಿರುವ ದನಿಗಳು: ಪಿಯಾನೊ, ಆರ್ಗನ್ನಿನ ಮೇಲಿನ ಪೈಪುಗಳು, ಹಾರ್ಮೋನಿಯಂ.

ಹೀಗೆ ಹತ್ತು ದನಿ ನಾಲ್ಕಾಯಿತು. ಪಿಯಾನೊ, ಪೈಪ್ ಆರ್ಗನ್, ಹಾರ್ಮೋನಿಯಂ, ಬೇಸಿಗೆಗೆ ಒಂದು ಪ್ಯಾಡ್. ಸಾಲಮಾಂಡರಿನ ದೊಡ್ಡ ಆವೃತ್ತಿ ತೆಗೆದು ಸಣ್ಣದನ್ನು ಹಾಕಿದೆವು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ, ನನಗೂ. ಹಾರ್ಮೋನಿಯಂ ದನಿ ಅಂಕಲ್‌ಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, "ಗಾಳಿ ಹಾಕುವವನಿಲ್ಲ" ಅಂದರು. ಸರಿಯಾದ ಮಾತು. ಬೆಲ್ಲೋಸ್ ಒತ್ತುವ ಕೈ ಪ್ರತಿ ಸಾಲಿನಲ್ಲೂ ದನಿಯನ್ನು ಏರಿಸಿ ಇಳಿಸುತ್ತದೆ. ಸ್ವರ ಒತ್ತಿದ ಮೇಲೆ ನಮ್ಮದು ಹಲಗೆಯ ಹಾಗೆ ಸಪಾಟು. ಕೀಬೋರ್ಡಿನ ಮಾಡ್ಯುಲೇಶನ್ ಚಕ್ರವನ್ನು ದನಿಯ ಏರಿಳಿತಕ್ಕೆ ಜೋಡಿಸಿದೆವು. ಎಡಗೈಯಲ್ಲಿ ಚಕ್ರ, ಬಲಗೈಯಲ್ಲಿ ಹಾಡು. ಅದನ್ನು ಒಂದೇ ವಾರದಲ್ಲಿ ಪಳಗಿಸಿಕೊಂಡವರು ಅಂಕಲ್. ಈಗ ಹಾರ್ಮೋನಿಯಂ ಹಾಡುಗಳು ಬಂದರೆ ನಾನು ಎದ್ದು ಜಾಗ ಬಿಡುತ್ತೇನೆ.

ತೇವದ ವಿಷಯ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್, ಇಂಟರ್‌ಫೇಸ್ ಎರಡೂ ಪೂಜೆ ಮುಗಿದ ಮೇಲೆ ಮನೆಗೆ, ಬಿಗಿ ಮುಚ್ಚಳದ ಡಬ್ಬಿಗೆ, ಜೊತೆಗೆ ಸಿಲಿಕಾ ಜೆಲ್. ಮಿಡಿ ಕೀಬೋರ್ಡೂ ಅಟ್ಟದಲ್ಲಿ ಉಳಿಯುವುದಿಲ್ಲ.

ಪಾಸ್ಕ ಜಾಗರಣೆ

ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ವಾದ್ಯ ಇರುವುದು ಹಾಡಿಗೆ ಆಸರೆಯಾಗಿ ಮಾತ್ರ, ಬರೀ ವಾದ್ಯ ನುಡಿಸುವಂತಿಲ್ಲ. ಪವಿತ್ರ ಗುರುವಾರದ ಮಹಿಮಾ ಗೀತೆಗೆ ಗಂಟೆಗಳೆಲ್ಲ ಮೊಳಗಿ ಆಮೇಲೆ ಸುಮ್ಮನಾಗುತ್ತವೆ. ಈಸ್ಟರ್ ಹಿಂದಿನ ಶನಿವಾರ ರಾತ್ರಿಯ ಪಾಸ್ಕ ಜಾಗರಣೆಯ ಮಹಿಮಾ ಗೀತೆಯವರೆಗೆ ನಮ್ಮಲ್ಲಿ ವಾದ್ಯವೂ ಬಾಯಿ ಬಿಡುವುದಿಲ್ಲ. ಆ ರಾತ್ರಿ ಶುರುವಾಗುವುದು ಹೊರಗೆ ಹೊಸ ಬೆಂಕಿಯಿಂದ. ಚರ್ಚಿನೊಳಗೆ ಪೂರ್ತಿ ಕತ್ತಲು. ಪಾಸ್ಕ ಮೇಣದ ಬತ್ತಿಯೊಂದೇ ಬರಬೇಕು.

ಆ ಕತ್ತಲಲ್ಲಿ ಅಟ್ಟದ ಮೇಲೆ ನಮ್ಮ ಲ್ಯಾಪ್‌ಟಾಪ್ ಟಿವಿಯ ಹಾಗೆ ಬೆಳಗುತ್ತಿತ್ತು. ಟೀಚರ್ ತಮ್ಮ ಶಾಲು ತೆಗೆದು ಅದರ ಮೇಲೆ ಹಾಕಿದರು. ಆಮೇಲೆ ವಾಚನಗಳು. ಹಳೆಯ ಒಡಂಬಡಿಕೆಯಿಂದ ಏಳು ಇರುತ್ತವೆ, ಕಮ್ಮಿ ಮಾಡಬಹುದು, ಫಾದರ್ ಕಮ್ಮಿ ಮಾಡಲಿಲ್ಲ. ನಡುವಿನ ಕೀರ್ತನೆಗಳನ್ನು ಬರೀ ಬಾಯಲ್ಲಿ ಹಾಡಿದೆವು. ಮುಕ್ಕಾಲು ಗಂಟೆ ಆದ ಮೇಲೆ ನನಗೆ ಏನೋ ಹೊಳೆದು ದನಿ ಪೂರ್ತಿ ಇಳಿಸಿ ಒಂದು ಕೀ ಒತ್ತಿದೆ. ಪರದೆಯ ಮೇಲೆ ಸುದ್ದಿ ಬಂದ ಗುರುತೇ ಇಲ್ಲ. ತುಂಬಾ ಹೊತ್ತು ಯಾರೂ ಮುಟ್ಟಲಿಲ್ಲ ಅಂತ ಯುಎಸ್‌ಬಿ ಮಲಗಿಬಿಟ್ಟಿತ್ತು. ಶಾಲಿನ ಅಡಿಯಲ್ಲಿ ತಲೆ ತೂರಿಸಿ, ತಂತಿ ಕಿತ್ತು ಚುಚ್ಚಿ, ಹೋಸ್ಟನ್ನು ಮತ್ತೆ ಎಬ್ಬಿಸಿ ಮೇಲೆ ಬರುವ ಹೊತ್ತಿಗೆ ಏಳನೇ ವಾಚನ ನಡೆಯುತ್ತಿತ್ತು. ಮಹಿಮಾ ಗೀತೆಗೆ ದೀಪಗಳೆಲ್ಲ ಒಟ್ಟಿಗೆ ಹೊತ್ತಿದವು, ಗಂಟೆ ಮೊಳಗಿತು, ಆರ್ಗನ್ ಬಂತು. ಕರೆಂಟು ಒಂದು ಸಲ ಮಿಣಕ್ ಎಂದಿತು. ಪಟಪಟ ಬರಲಿಲ್ಲ.

ಯುಎಸ್‌ಬಿ ಮಲಗದ ಹಾಗೆ ಮಾರನೇ ದಿನವೇ ಸೆಟ್ಟಿಂಗ್ ಬದಲಾಯಿಸಿದೆ. ಈಗ ಎರಡು ಗಂಟೆ ಬಿಟ್ಟರೂ ಎಚ್ಚರವಾಗಿಯೇ ಇರುತ್ತದೆ, ಪರೀಕ್ಷೆ ಮಾಡಿ ನೋಡಿದ್ದೇನೆ. ಅಂಕಲ್‌ಗೆ ಹೇಳಿದೆ. ಅವರು ತಲೆಯಾಡಿಸಿದರು. ಆದರೂ ಪ್ರಸಂಗ ಸ್ವಲ್ಪ ಉದ್ದವಾದರೆ ಸಾಕು, ದನಿ ಇಳಿಸಿ, ಕಿರುಬೆರಳಿನಿಂದ ಕೊನೆಯ ಕೀ ಒಂದನ್ನು ಮೆಲ್ಲಗೆ ಒತ್ತಿ ಪರದೆ ನೋಡುತ್ತಾರೆ.